ತರಗತಿಗೆ ಏನಾದರೂ ಕೊಡಬೇಕು ಅಂದುಕೊಂಡಿದ್ದೀರಾ? ಮೊದಲು ಟೀಚರ್ ಹತ್ತಿರ ಅರ್ಧ ಗಂಟೆ ಕುಳಿತುಕೊಳ್ಳಿ

ಕೆಲವು ವರ್ಷಗಳ ಹಿಂದೆ ನಾವು ಐದಾರು ಗೆಳೆಯರು ಸೇರಿ ಒಂದು ತರಗತಿಯ 42 ಮಕ್ಕಳಿಗೆ ಸ್ಕೂಲ್ ಬ್ಯಾಗ್ ಕೊಟ್ಟೆವು. ಹೆಚ್ಚಿನವರ ಮನೆಯಲ್ಲಿ ಅಪ್ಪ ಅಮ್ಮ ದಿನಗೂಲಿ ಮಾಡುವವರು. ಬ್ಯಾಗ್ ಚೆನ್ನಾಗಿಯೇ ಇತ್ತು. ಜಿಪ್ ಸಲೀಸಾಗಿ ಓಡುತ್ತಿತ್ತು, ಪಕ್ಕದಲ್ಲಿ ನೀರಿನ ಬಾಟಲಿಗೊಂದು ಬಲೆಯ ಜೇಬು. ಮಕ್ಕಳ ಮುಖ ನೋಡಿ ನಾವು ಉಬ್ಬಿಹೋದೆವು.

ಮೂರು ವಾರ ಬಿಟ್ಟು ಹೋದರೆ ಅರ್ಧಕ್ಕರ್ಧ ಮಕ್ಕಳ ಬೆನ್ನ ಮೇಲೆ ಅದೇ ಹಳೆಯ ಬ್ಯಾಗ್. ನಾಲ್ಕೈದು ಜನರ ಕೈಯಲ್ಲಿ ಪ್ಲಾಸ್ಟಿಕ್ ಕವರ್. ಹೊಸದೆಲ್ಲಿ ಅಂತ ಕೇಳಿದರೆ, "ಅಮ್ಮ ಎತ್ತಿಟ್ಟಿದ್ದಾರೆ, ಹಾಳಾಗುತ್ತೆ ಅಂತ." ಇನ್ನೊಬ್ಬಳ ಬ್ಯಾಗ್ ಅಕ್ಕನ ಪಾಲಾಗಿತ್ತು. ಟೀಚರ್ ನಕ್ಕು ಹೇಳಿದರು: "ನೀವು ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ನನಗೆ ಬೇಕಾಗಿದ್ದದ್ದು ಮೆಂಡರ್. ಇಡೀ ಕ್ಲಾಸಿಗೆ ಎರಡೇ ಇದೆ. ಪೆನ್ಸಿಲ್ ಚೂಪು ಮಾಡೋಕೆ ಕ್ಯೂ ನಿಂತೇ ದಿನಕ್ಕೆ ಹತ್ತು ನಿಮಿಷ ಹೋಗುತ್ತೆ."

ಬ್ಯಾಗಿಗೆ ಸುರಿದ ದುಡ್ಡಿನ ಇಪ್ಪತ್ತನೇ ಒಂದು ಪಾಲಿನಲ್ಲಿ ಆ ಹತ್ತು ನಿಮಿಷ ಉಳಿಸಬಹುದಿತ್ತು. ಆಮೇಲೆ ನಾವು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವು ಒಬ್ಬರೇ ಇರಬಹುದು, ಆಫೀಸಿನ ಗುಂಪಾಗಿರಬಹುದು, ಅದೇ ಶಾಲೆಯ ಹಳೆ ವಿದ್ಯಾರ್ಥಿಗಳಾಗಿರಬಹುದು. ದಾರಿ ಹೆಚ್ಚು ಕಡಿಮೆ ಒಂದೇ.

ಹೆಜ್ಜೆ 1: ಕೇಳುವುದು. ಆದರೆ ಸರಿಯಾಗಿ ಕೇಳುವುದು

ಮೊದಲು ಮುಖ್ಯ ಶಿಕ್ಷಕರನ್ನು ಕಂಡು ಅನುಮತಿ ಪಡೆಯಿರಿ. ಇದನ್ನು ಬಿಟ್ಟು ನೇರ ಟೀಚರ್ ಹತ್ತಿರ ಹೋದರೆ ಕೊನೆಗೆ ಮಾತು ಕೇಳಬೇಕಾದವರು ಅವರೇ. ಅನುಮತಿ ಸಿಕ್ಕ ಮೇಲೆ, ಪಾಠ ಇಲ್ಲದ ಹೊತ್ತಿನಲ್ಲಿ ಟೀಚರ್ ಜೊತೆ ಅರ್ಧ ಗಂಟೆ ಕುಳಿತುಕೊಳ್ಳಿ.

"ನಿಮಗೆ ಏನು ಬೇಕು?" ಎಂದು ಕೇಳಿದರೆ ಸಿಗುವ ಉತ್ತರ ಗೊತ್ತೇ ಇದೆ: "ಏನು ಕೊಟ್ರೂ ಸಂತೋಷ." ಅದು ಸೌಜನ್ಯದ ಮಾತು. ಕೊಡಲು ಬಂದವರ ಮುಂದೆ ಪಟ್ಟಿ ಬಿಚ್ಚಲು ಯಾರಿಗಾದರೂ ಸಂಕೋಚ ಆಗುತ್ತದೆ, ಅಲ್ವಾ? ಹಾಗಾಗಿ ಪ್ರಶ್ನೆಯನ್ನು ಸ್ವಲ್ಪ ಬೇರೆ ಥರ ಕೇಳಬೇಕು. ನನಗೆ ಸಿಕ್ಕ ಅತ್ಯುತ್ತಮ ಪ್ರಶ್ನೆ ಇದು: "ಕಳೆದ ತಿಂಗಳು ಕ್ಲಾಸಿಗೆ ಅಂತ ನಿಮ್ಮ ಕೈಯಿಂದ ಏನೇನು ಕೊಂಡಿರಿ?" ಇದನ್ನು ಕೇಳಿದ ತಕ್ಷಣ ಟೀಚರ್ ಬೆರಳು ಮಡಚುತ್ತಾ ಲೆಕ್ಕ ಹೇಳಲು ಶುರು ಮಾಡುತ್ತಾರೆ. ಚಾರ್ಟ್ ಪೇಪರ್, ಗೋಂದು, ಬ್ಯಾಂಡೇಜ್, ಒಬ್ಬ ಹುಡುಗನಿಗೆ ಚಪ್ಪಲಿ, ಝೆರಾಕ್ಸ್, ಝೆರಾಕ್ಸ್, ಮತ್ತೆ ಝೆರಾಕ್ಸ್. ನಿಮಗೆ ಬೇಕಾದ ಪಟ್ಟಿ ಅದೇ.

ಇನ್ನೂ ಎರಡು ಪ್ರಶ್ನೆ ಜೇಬಿನಲ್ಲಿರಲಿ. "ಯಾವ ಪಾಠವನ್ನು ಸಾಮಾನಿಲ್ಲ ಅಂತ ಬಾಯಲ್ಲೇ ಹೇಳಿ ಮುಗಿಸುತ್ತೀರಿ?" ಮತ್ತು "ಯಾರಾದರೂ ಕೊಟ್ಟು, ಬಳಸದೆ ಬೀರುವಿನಲ್ಲೇ ಉಳಿದದ್ದು ಏನಾದರೂ ಇದೆಯಾ?" ಎರಡನೆಯದಕ್ಕೆ ಉತ್ತರ ಪಡೆಯಲು ಸ್ವಲ್ಪ ಸಲುಗೆ ಬೇಕು. ಆದರೆ ಸಿಕ್ಕರೆ ನಿಮ್ಮ ದುಡ್ಡು ಉಳಿಯುತ್ತದೆ. ಒಂದು ಬೀರುವಿನಲ್ಲಿ ನಾನು ಪೆಟ್ಟಿಗೆ ಕೂಡ ಬಿಚ್ಚದ ಮೂರು ಭೂಗೋಳ ನೋಡಿದ್ದೇನೆ. ಮೂರೂ ಬೇರೆ ಬೇರೆ ವರ್ಷ, ಬೇರೆ ಬೇರೆಯವರು ಕೊಟ್ಟದ್ದು.

ಟೀಚರೇ ಪಟ್ಟಿ ಮಾಡಬೇಕು ಎಂಬ ಈ ವಿಚಾರ ಹೊಸದೇನಲ್ಲ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಪಾಠ ಮಾಡುತ್ತಿದ್ದ ಚಾರ್ಲ್ಸ್ ಬೆಸ್ಟ್ ಎಂಬ ಶಿಕ್ಷಕರು 2000ದಲ್ಲಿ ಡೋನರ್ಸ್‌ಚೂಸ್ ಎಂಬ ಸಂಸ್ಥೆ ಶುರು ಮಾಡಿದ್ದೇ ಈ ನಂಬಿಕೆಯ ಮೇಲೆ. ಟೀಚರ್ ತನ್ನ ಕ್ಲಾಸಿಗೆ ಇಂಥದ್ದೇ ಬೇಕು ಎಂದು ಬರೆಯುತ್ತಾರೆ, ಇಷ್ಟವಾದವರು ಹಣ ಕೊಡುತ್ತಾರೆ. ಸಂಸ್ಥೆ ನಗದನ್ನು ಯಾರ ಕೈಗೂ ಕೊಡದೆ ಆ ವಸ್ತುವನ್ನೇ ಕೊಂಡು ಶಾಲೆಗೆ ಕಳಿಸುತ್ತದೆ. ನೀವು ಸಣ್ಣ ಮಟ್ಟದಲ್ಲಿ ಮಾಡುವಾಗಲೂ ಈ ಎರಡು ಕಟ್ಟುಪಾಡು ಸಾಕು: ಪಟ್ಟಿ ಅವರದು, ಕೊಳ್ಳುವುದು ನಿಮ್ಮದು.

ಹೆಜ್ಜೆ 2: ಒಂದು ದಿನ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ

ಟೀಚರ್ ಒಪ್ಪಿದರೆ ಮಾತ್ರ. ಬೆಳಗ್ಗೆಯಿಂದ ಸಂಜೆವರೆಗೆ, ಸುಮ್ನೆ. ಪ್ರಶ್ನೆ ಕೇಳಬೇಡಿ, ಮಕ್ಕಳಿಗೆ ಬುದ್ಧಿ ಹೇಳಬೇಡಿ, ಮೊಬೈಲ್ ಒಳಗಿಡಿ.

ನಾನು ಹೀಗೆ ಕುಳಿತಿದ್ದ ದಿನ ಮುಂದಿನ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಎಂಟು ವರ್ಷ ಇರಬಹುದು. ಅವನ ಪೆನ್ಸಿಲ್ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ, ಅಷ್ಟೆ. ಹಿಡಿಯಲು ಆಗದೆ, ಖಾಲಿಯಾದ ಪೆನ್ನಿನ ಕೊಳವೆಯೊಳಗೆ ಅದನ್ನು ತುರುಕಿ ಬರೆಯುತ್ತಿದ್ದ. ಪ್ರತಿ ಎರಡು ಸಾಲಿಗೆ ಅದು ಒಳಗೆ ಜಾರುತ್ತಿತ್ತು. ಅವನು ಕೊಳವೆಯನ್ನು ಡೆಸ್ಕಿಗೆ ತಟ್ಟಿ ಹೊರಗೆ ತರುತ್ತಿದ್ದ, ಮತ್ತೆ ಬರೆಯುತ್ತಿದ್ದ. ಅಷ್ಟರಲ್ಲಿ ಬೋರ್ಡಿನ ಮೇಲಿದ್ದದ್ದನ್ನು ಟೀಚರ್ ಅಳಿಸಿರುತ್ತಿದ್ದರು. ಅವನ ಪುಸ್ತಕ ತೆರೆದು ನೋಡಿದವರು "ಪೂರ್ತಿ ಬರೆಯಲ್ಲ, ಸೋಮಾರಿ" ಅಂತಲೇ ಹೇಳುತ್ತಾರೆ. ಆ ದಿನ ನೋಡದೆ ಇದ್ದಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ.

ಏನೇನು ಗಮನಿಸಬೇಕು? ಯಾರು ಪಕ್ಕದವರ ಪುಸ್ತಕ ನೋಡಿ ಬರೆಯುತ್ತಾರೆ. ಯಾರು ಕಣ್ಣು ಕಿರಿದು ಮಾಡುತ್ತಾರೆ, ಬರೆಯುವಾಗ ಮೂಗು ಪುಸ್ತಕಕ್ಕೆ ತಾಗುತ್ತದೆಯೇ. ಮಧ್ಯಾಹ್ನದ ಮುಂಚೆ ಯಾರು ತಲೆ ಒರಗಿಸುತ್ತಾರೆ. ಆಟದ ಪಿರಿಯಡ್‌ನಲ್ಲಿ ಯಾರು ಹೊರಗೆ ಹೋಗುವುದೇ ಇಲ್ಲ, ಅವರ ಕಾಲಲ್ಲಿ ಏನಿದೆ. ಫ್ಯಾನ್ ಓಡುತ್ತದೆಯೇ, ಕೊನೆ ಬೆಂಚಿಗೆ ಬೋರ್ಡ್ ಕಾಣುತ್ತದೆಯೇ, ಶೌಚಾಲಯದಲ್ಲಿ ನೀರು ಬರುತ್ತದೆಯೇ, ಬಾಗಿಲಿಗೆ ಚಿಲಕ ಇದೆಯೇ. ಕೊನೆಯದು ಸಣ್ಣದು ಅನಿಸಬಹುದು. ದೊಡ್ಡ ಹುಡುಗಿಯರು ತಿಂಗಳಲ್ಲಿ ಮೂರು ನಾಲ್ಕು ದಿನ ಬರದೆ ಇರುವುದಕ್ಕೆ ಆ ಚಿಲಕ ಇಲ್ಲದಿರುವುದೂ ಒಂದು ಕಾರಣ ಆಗಿರಬಹುದು. ಅಲ್ಲಿ ಬೇಕಾದ್ದು ಒಂದು ಚಿಲಕ, ಒಂದು ಬಕೆಟ್, ಮುಚ್ಚಳ ಇರುವ ಕಸದ ಡಬ್ಬ, ಮತ್ತು ಹುಡುಗಿಯರು ಕೇಳದೆಯೇ ತೆಗೆದುಕೊಳ್ಳುವಂಥ ಜಾಗದಲ್ಲಿ ಪ್ಯಾಡ್.

ಕಣ್ಣಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾಣದ ಮಗು "ನನಗೆ ಕಾಣಲ್ಲ" ಎಂದು ಹೇಳುವುದಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿರುತ್ತದೆ. ಶಾಲೆಯ ಒಪ್ಪಿಗೆ ಪಡೆದು, ತರಬೇತಿ ಇರುವವರಿಂದ ಇಡೀ ತರಗತಿಯ ಕಣ್ಣು ಪರೀಕ್ಷೆ ಮಾಡಿಸುವುದು ತುಂಬಾ ಒಳ್ಳೆಯ ನೆರವು. ಆದರೆ ಕನ್ನಡಕ ಕೊಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ಚೀನಾದ ಗಾನ್ಸು ಪ್ರಾಂತ್ಯದ ಹಳ್ಳಿ ಶಾಲೆಗಳಲ್ಲಿ 2004ರಲ್ಲಿ ಪುಕ್ಕಟೆ ಕನ್ನಡಕ ಕೊಡಲು ಹೋದಾಗ ಸುಮಾರು ನೂರಕ್ಕೆ 30 ಮಕ್ಕಳು ತೆಗೆದುಕೊಳ್ಳಲೇ ಇಲ್ಲ. ಹಾಕಿಕೊಂಡವರ ಕಲಿಕೆ ಎದ್ದು ಕಾಣುವಷ್ಟು ಸುಧಾರಿಸಿತ್ತು. ಬೇಡ ಅಂದವರಿಗೆ ಅವರವರದೇ ಕಾರಣ ಇರುತ್ತದೆ: ಇಷ್ಟು ಚಿಕ್ಕ ವಯಸ್ಸಿಗೇ ಹಾಕಿದರೆ ಕಣ್ಣು ಇನ್ನೂ ಹಾಳಾಗುತ್ತದೆ ಎಂಬ ಭಯ, ಬೇರೆ ಮಕ್ಕಳು ಅಣಕಿಸುತ್ತಾರೆ ಎಂಬ ಅಳುಕು. ಹಾಗಾಗಿ ಪೋಷಕರ ಜೊತೆ ಮಾತಾಡಿ. ಫ್ರೇಮ್ ಮಗುವೇ ಆರಿಸಲಿ. ಒಡೆದರೆ ಬೈಗುಳ ಇಲ್ಲದೆ ಇನ್ನೊಂದು ಸಿಗುತ್ತದೆ ಅಂತ ಮೊದಲೇ ಹೇಳಿಬಿಡಿ. ಕನ್ನಡಕ ಹಾಕುವ ಟೀಚರ್ ಇದ್ದರೆ ಅರ್ಧ ಕೆಲಸ ಆದಂತೆಯೇ.

ಹೆಜ್ಜೆ 3: ಪಟ್ಟಿಯನ್ನು ಜರಡಿ ಹಿಡಿಯುವುದು

ಈಗ ನಿಮ್ಮ ಕೈಯಲ್ಲಿ ಎರಡು ಪಟ್ಟಿ ಇದೆ. ಟೀಚರ್ ಹೇಳಿದ್ದು, ನೀವು ಕಂಡದ್ದು. ಎಲ್ಲವನ್ನೂ ಕೊಡಲು ಯಾರಿಗೂ ಆಗುವುದಿಲ್ಲ. ನಾನು ಪ್ರತಿ ವಸ್ತುವಿಗೂ ಒಂದೇ ಪ್ರಶ್ನೆ ಹಾಕುತ್ತೇನೆ: ಇದು ಬಂದ ಮೇಲೆ ಸೋಮವಾರ ಬೆಳಗ್ಗೆ ಕ್ಲಾಸಿನಲ್ಲಿ ಏನು ಬದಲಾಗುತ್ತದೆ? ಉತ್ತರ ಒಂದು ವಾಕ್ಯದಲ್ಲಿ ಬರದಿದ್ದರೆ ಅದು ಪಟ್ಟಿಯ ಕೆಳಕ್ಕೆ.

ನೋಡಲು ಚೆಂದ ಇರುವ ದಾನಗಳು ಈ ಪ್ರಶ್ನೆಗೆ ಎಡವುತ್ತವೆ. 1990ರ ದಶಕದಲ್ಲಿ ಪಶ್ಚಿಮ ಕೆನ್ಯಾದ ಬಡ ಹಳ್ಳಿಗಳ ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟು ಏನಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತವರ ಜೊತೆಗಾರರು ಅಳೆದು ನೋಡಿದರು. ಪುಸ್ತಕ ಇಲ್ಲದ ಶಾಲೆಗೆ ಪುಸ್ತಕ ಬಂದರೆ ಎಲ್ಲರೂ ಚೆನ್ನಾಗಿ ಕಲಿಯಬೇಕು, ಅಲ್ವಾ? ಹಾಗೆ ಆಗಲಿಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಿಗೆ ಮಾತ್ರ ಲಾಭ ಆಯಿತು. ಕಾರಣ ಸರಳ: ಪುಸ್ತಕ ಇಂಗ್ಲಿಷಿನಲ್ಲಿತ್ತು, ಬಹುತೇಕ ಮಕ್ಕಳಿಗೆ ಅದು ಮೂರನೆಯ ಭಾಷೆ. ಉಳಿದವರಿಗೆ ಅದನ್ನು ಓದಲೇ ಬರುತ್ತಿರಲಿಲ್ಲ. ಅದೇ ಪ್ರದೇಶದಲ್ಲಿ ಗೋಡೆಗೆ ತೂಗುಹಾಕುವ ಬಣ್ಣದ ಚಾರ್ಟುಗಳನ್ನೂ ಕೊಟ್ಟು ನೋಡಿದರು. ಅಂಕ ಕದಲಲಿಲ್ಲ. ಇಂಥ ಕ್ಷೇತ್ರ ಪ್ರಯೋಗಗಳಿಗಾಗಿಯೇ ಕ್ರೆಮರ್, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೂವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಲ್ಯಾಪ್‌ಟಾಪ್ ಕತೆಯೂ ಹೀಗೇ. ಪೆರು ದೇಶದ ಹಳ್ಳಿಗಾಡಿನ ಪ್ರಾಥಮಿಕ ಶಾಲೆಗಳಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟರು. ಒಂದು ವರ್ಷದ ಮೇಲೆ ಅಳೆದಾಗ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಮಕ್ಕಳು ಕಂಪ್ಯೂಟರ್ ಬಳಸಲು ಕಲಿತರು, ಅದಂತೂ ನಿಜ. ನಿಮ್ಮ ಗುಂಪಿನಲ್ಲಿ ಯಾರಾದರೂ "ಸ್ಮಾರ್ಟ್ ಕ್ಲಾಸ್ ಮಾಡಿಸೋಣ" ಅಂದರೆ ಇದನ್ನು ನೆನಪಿಸಿ. ಜೊತೆಗೆ ಕೇಳಿ: ಕೆಟ್ಟರೆ ರಿಪೇರಿ ಯಾರು ಮಾಡಿಸುತ್ತಾರೆ, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಟೀಚರ್ ಅದನ್ನು ಕೇಳಿದ್ದಾರಾ?

ಹಾಗಾದರೆ ಯಾವುದು ಮೇಲಕ್ಕೆ? ಮಗು ಶಾಲೆಗೆ ಬರುವುದನ್ನೇ ತಡೆಯುವಂಥದ್ದು ಮೊದಲು. ಚಪ್ಪಲಿ, ಸಮವಸ್ತ್ರ, ಬಸ್ ಪಾಸ್, ಕನ್ನಡಕ, ಪ್ಯಾಡ್. ಕೆನ್ಯಾದಲ್ಲೇ ಸಮವಸ್ತ್ರ ಕೊಟ್ಟು ನೋಡಿದಾಗ ಗೈರುಹಾಜರಿ ಇಳಿಯಿತು, ಅದರಲ್ಲೂ ಒಂದೂ ಜೊತೆ ಇಲ್ಲದ ಮಕ್ಕಳದು ಜಾಸ್ತಿ ಇಳಿಯಿತು. ಆಮೇಲೆ ದಿನಾ ಖರ್ಚಾಗುವ ಸಾಮಾನು. ಅದಾದ ಮೇಲೆ ಎಲ್ಲರೂ ಹಂಚಿಕೊಳ್ಳುವಂಥದ್ದು: ಓದುವ ಮಟ್ಟಕ್ಕೆ ತಕ್ಕ ಕತೆ ಪುಸ್ತಕ, ಕತ್ತರಿ, ಅಳತೆ ಟೇಪು, ಚೆಂಡು, ಗೋಡೆ ಗಡಿಯಾರ. ನೆನಪಿಗೆ ಕೊಡುವ ಕಪ್, ಫಲಕ, ಹೆಸರು ಕೆತ್ತಿದ ಕಲ್ಲು ಬೆಂಚು ಇವೆಲ್ಲ ಎಲ್ಲಕ್ಕಿಂತ ಕೊನೆಗೆ. ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ಸರ್ಕಾರವೋ ಆಡಳಿತ ಮಂಡಳಿಯೋ ಕೊಡಲೇಬೇಕಾದ್ದು ಏನು ಎಂದು ವಿಚಾರಿಸಿ. ಅದು ತಡವಾಗಿದ್ದರೆ ಪೋಷಕರ ಜೊತೆ ಸೇರಿ ಒಂದು ಪತ್ರ ಬರೆಯಲು ನೆರವಾಗುವುದು ಕೆಲವೊಮ್ಮೆ ಕೊಂಡು ಕೊಡುವುದಕ್ಕಿಂತ ದೊಡ್ಡ ಕೆಲಸ. ನಾವೇ ಪ್ರತಿ ವರ್ಷ ತುಂಬಿಸುತ್ತಾ ಹೋದರೆ, ತುಂಬಿಸಬೇಕಾದವರು ಮರೆತೇಬಿಡುತ್ತಾರೆ.

ಹೆಜ್ಜೆ 4: ಲೆಕ್ಕ ಹಾಕಿ ಕೊಳ್ಳುವುದು

ಪೆನ್ಸಿಲ್ಲಿನಿಂದ ಶುರು ಮಾಡೋಣ. 42 ಮಕ್ಕಳು, ತಿಂಗಳಿಗೆ ತಲಾ ಎರಡು, ಹತ್ತು ತಿಂಗಳು. 840 ಆಯಿತು. ಕಳೆದುಹೋಗುವುದು, ಮುರಿಯುವುದು, ತಮ್ಮನ ಕೈ ಸೇರುವುದು ಎಲ್ಲ ಸೇರಿ 900 ಇಟ್ಟುಕೊಳ್ಳಿ. ಒಂದು ದಿನ ತಲೆಗೊಂದು ಪೆನ್ಸಿಲ್ ಬಾಕ್ಸ್ ಹಂಚಿ ಕೈ ತೊಳೆದುಕೊಂಡರೆ ಎರಡನೇ ತಿಂಗಳಿಗೆ ಕ್ಲಾಸು ಮತ್ತೆ ಮೊದಲಿದ್ದ ಜಾಗಕ್ಕೇ ಬರುತ್ತದೆ. ವರ್ಷದ ಲೆಕ್ಕ ಹಾಕಿ, ಮೂರು ಕಂತಿನಲ್ಲಿ ಕೊಡಿ. ಒಟ್ಟಿಗೆ ಕೊಟ್ಟರೆ ಇಡಲು ಜಾಗ ಇರುವುದಿಲ್ಲ, ಇಲಿ ಬೇರೆ.

ಅಗ್ಗದ ಪೆನ್ಸಿಲ್ ತರಬೇಡಿ. ಸೀಸ ಒಳಗೇ ಮುರಿದಿರುತ್ತದೆ. ಚೂಪು ಮಾಡಿದಷ್ಟೂ ಮುರಿದು ಅರ್ಧ ಗಂಟೆಯಲ್ಲಿ ಹೊಟ್ಟಾಗುತ್ತದೆ. ಅಂಗಡಿಯಲ್ಲಿ ಒಂದನ್ನು ಚೂಪು ಮಾಡಿ ನೋಡಿ ಕೊಳ್ಳಿ. ಮೆಂಡರ್ ಆದರೆ ಸಣ್ಣ ಪ್ಲಾಸ್ಟಿಕ್ಕಿನವು ಹತ್ತಿಪ್ಪತ್ತು, ಜೊತೆಗೆ ಮೇಜಿಗೋ ಕಿಟಕಿ ಚೌಕಟ್ಟಿಗೋ ಬಿಗಿಯುವ, ಹಿಡಿ ತಿರುಗಿಸುವ ದೊಡ್ಡದೊಂದು. ಸುವಾಸನೆಯ ರಬ್ಬರ್ ಬೇಡವೇ ಬೇಡ. ಪುಟ್ಟ ಮಕ್ಕಳು ಅದನ್ನು ಕಚ್ಚುತ್ತಾರೆ.

ನೋಟ್‌ಬುಕ್ ಕೊಳ್ಳುವ ಮುಂಚೆ ಗೆರೆ ಕೇಳಿಕೊಳ್ಳಿ. ಎರಡು ಗೆರೆಯದೋ, ನಾಲ್ಕು ಗೆರೆಯದೋ, ಚೌಕುಳಿಯದೋ, ಗೆರೆಯೇ ಇಲ್ಲದ್ದೋ. ತಪ್ಪು ಗೆರೆಯ 200 ಪುಸ್ತಕ ಹೊತ್ತು ವಾಪಸ್ ಅಂಗಡಿಗೆ ಹೋದ ಕಷ್ಟ ನನಗೆ ಗೊತ್ತು. ರಟ್ಟಿನ ಮೇಲೆ ಕೊಟ್ಟವರ ಹೆಸರು, ಫೋಟೊ ಮುದ್ರಿಸಬೇಡಿ. ಆ ಪುಸ್ತಕ ಹಿಡಿದು ಬೀದಿಯಲ್ಲಿ ನಡೆಯುವ ಮಗುವಿಗೆ ಅದು ಹಣೆಪಟ್ಟಿ.

ಚಪ್ಪಲಿ, ಶೂ ಕೊಡುವುದಾದರೆ ವಯಸ್ಸು ನೋಡಿ ಸೈಜ್ ಊಹಿಸಬೇಡಿ. ಹಳೆಯ ಪೇಪರ್ ಹಾಸಿ, ಮಗುವನ್ನು ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಪಾದದ ಚಿತ್ರದ ಒಳಗೆ ಮಗುವಿನ ಹೆಸರಿನ ಬದಲು ಹಾಜರಿ ನಂಬರ್ ಬರೆಯಿರಿ. ಅದನ್ನೇ ಅಂಗಡಿಗೆ ಒಯ್ದು, ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಬಿಟ್ಟು ತೆಗೆದುಕೊಳ್ಳಿ. ಇಡೀ ತರಗತಿಗೆ ಎಲ್ಲರದೂ ಅಳೆಯಿರಿ. ಇದನ್ನು ಆಟದ ಥರ ಮಾಡಿಸಿದರೆ ಮಕ್ಕಳಿಗೆ ಖುಷಿ. "ಯಾರ ಕಾಲು ದೊಡ್ಡದು" ಅಂತ ಅವರವರಲ್ಲೇ ಪೈಪೋಟಿ ಶುರುವಾಗುತ್ತದೆ.

ಬಿಲ್ ಶಾಲೆಯ ಹೆಸರಿನಲ್ಲಿ ಮಾಡಿಸಿ, ಒಂದು ಪ್ರತಿ ಅವರಿಗೆ ಕೊಡಿ, ಒಂದು ನೀವಿಟ್ಟುಕೊಳ್ಳಿ. ಗುಂಪಿನ ದುಡ್ಡು ಅಂದಮೇಲೆ ಇದು ಇರಲೇಬೇಕು.

ಹೆಜ್ಜೆ 5: ಕೊಡುವ ರೀತಿ

ಬ್ಯಾನರ್ ಬೇಡ. ವೇದಿಕೆ ಬೇಡ. ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿ ಭಾಷಣ ಮಾಡುವುದಂತೂ ಬೇಡವೇ ಬೇಡ. ಪಾಠದ ಒಂದು ಗಂಟೆ ತಿಂದು ಪಾಠಕ್ಕೆ ನೆರವು ಕೊಟ್ಟೆವು ಅನ್ನುವುದು ಎಂಥ ಮಾತು?

ಫೋಟೊ ಬಗ್ಗೆ ಜಗಳ ಆಗುತ್ತದೆ, ನನಗೆ ಗೊತ್ತು. ದುಡ್ಡು ಕೊಟ್ಟವರಿಗೆ ಏನಾದರೂ ತೋರಿಸಬೇಕಲ್ಲ ಅನ್ನುತ್ತಾರೆ. ಬೀರು ತುಂಬಿದ ಫೋಟೊ ತೋರಿಸಿ. ಬಿಲ್ ತೋರಿಸಿ. ಮಗುವಿನ ಮುಖ ಬೇಡ. ಹತ್ತು ವರ್ಷ ಬಿಟ್ಟು ಆ ಮಗು ಕೆಲಸ ಹುಡುಕುವಾಗ "ಬಡ ವಿದ್ಯಾರ್ಥಿಗೆ ಶೂ ವಿತರಣೆ" ಎಂಬ ಚಿತ್ರದಲ್ಲಿ ಅದರ ಮುಖ ಇರಬಾರದು.

"ಯಾರ್ಯಾರಿಗೆ ಇಲ್ಲವೋ ಎದ್ದು ನಿಲ್ಲಿ" ಎಂದು ಕೇಳುವ ಅಭ್ಯಾಸ ಇನ್ನೂ ಇದೆ. ನಿಲ್ಲುವ ಮಗುವಿಗೆ ಏನಾಗುತ್ತದೆ ಎಂದು ಯೋಚಿಸಿ. ನಿಜಕ್ಕೂ ಬೇಕಾದವರು ಎಷ್ಟೋ ಸಲ ಏಳುವುದೇ ಇಲ್ಲ. ಎರಡು ದಾರಿ ಇವೆ. ಒಂದು, ಇಡೀ ಕ್ಲಾಸಿಗೆ ಕೊಡುವುದು. ಇನ್ನೊಂದು, ಟೀಚರ್ ಬೀರುವಿಗೆ ಕೊಡುವುದು. ಸ್ವೆಟರ್, ಪ್ಯಾಡ್, ಒಳ ಉಡುಪು, ಹಲ್ಲಿನ ಬ್ರಷ್ ಇಂಥದ್ದಕ್ಕೆ ಎರಡನೆಯದೇ ಸರಿ. ಯಾರಿಗೆ ಯಾವಾಗ ಎಂದು ಟೀಚರ್‌ಗೆ ಗೊತ್ತು. ನಿಮಗೆ ಗೊತ್ತಾಗುವ ಅಗತ್ಯವೂ ಇಲ್ಲ.

ಪೆನ್ಸಿಲ್ಲಿಗೆ ಒಬ್ಬ ಟೀಚರ್ ಮಾಡಿದ ಉಪಾಯ ನನಗೆ ತುಂಬಾ ಇಷ್ಟ. ಬಾಗಿಲ ಹತ್ತಿರ ಎರಡು ಡಬ್ಬ. ಒಂದರ ಮೇಲೆ "ಎದ್ದಿದ್ದೇವೆ", ಇನ್ನೊಂದರ ಮೇಲೆ "ಮಲಗಿದ್ದೇವೆ". ಚೂಪಾದ ಪೆನ್ಸಿಲ್ ಎದ್ದ ಡಬ್ಬದಲ್ಲಿ, ಮೊಂಡಾದದ್ದು ಮಲಗಿದ ಡಬ್ಬದಲ್ಲಿ. ಯಾರು ಬೇಕಾದರೂ ಮಲಗಿದ್ದನ್ನು ಇಟ್ಟು ಎದ್ದಿದ್ದನ್ನು ತೆಗೆದುಕೊಳ್ಳಬಹುದು. ಪೆನ್ಸಿಲ್ಲೇ ಇಲ್ಲದಿದ್ದರೆ ಸುಮ್ನೆ ತೆಗೆದುಕೊಳ್ಳಬಹುದು. ಕೇಳಬೇಕಾಗಿಲ್ಲ, ಕಾರಣ ಹೇಳಬೇಕಾಗಿಲ್ಲ. ಸಂಜೆ ಇಬ್ಬರು ಮಕ್ಕಳು ಮಲಗಿದವರನ್ನೆಲ್ಲ ಎಬ್ಬಿಸಿ ಹೋಗುತ್ತಾರೆ. ಮೊದಲ ವಾರ ಡಬ್ಬ ಬೇಗ ಖಾಲಿ ಆಗುತ್ತದೆ, ಮಕ್ಕಳು ಕೂಡಿಡುತ್ತಾರೆ. ನಾಳೆಯೂ ಡಬ್ಬ ತುಂಬಿರುತ್ತದೆ ಎಂಬ ನಂಬಿಕೆ ಬಂದ ಮೇಲೆ ಕೂಡಿಡುವುದು ತಾನಾಗಿ ನಿಲ್ಲುತ್ತದೆ. ಆ ಮೊದಲ ವಾರದಲ್ಲಿ "ನೋಡಿ, ಕದೀತಾರೆ" ಎಂದು ಕೈ ಚೆಲ್ಲಬೇಡಿ.

ಹೆಜ್ಜೆ 6: ದುಡ್ಡಿಲ್ಲದಿದ್ದರೆ ಹೊತ್ತು ಕೊಡಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಬೆಲೆ ಬಾಳುವ ನೆರವು. ಆದರೆ ಇದರಲ್ಲೇ ಜನ ಬೇಗ ಕೈ ಕೊಡುವುದು.

ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ 2000ದ ದಶಕದ ಶುರುವಿನಲ್ಲಿ ಪ್ರಥಮ್ ಸಂಸ್ಥೆ ಬಾಲಸಖಿ ಎಂಬ ಕೆಲಸ ನಡೆಸಿತು. ಆಸುಪಾಸಿನ ಯುವತಿಯರಿಗೆ ಸ್ವಲ್ಪ ತರಬೇತಿ ಕೊಟ್ಟು, ಹಿಂದುಳಿದ 15 ರಿಂದ 20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಓದು, ಲೆಕ್ಕದ ಬುನಾದಿ ಹೇಳಿಕೊಡುವುದು, ಅಷ್ಟೆ. ದೊಡ್ಡ ಡಿಗ್ರಿ ಇದ್ದವರಲ್ಲ. ಆದರೂ ಮಕ್ಕಳ ಅಂಕ ಚೆನ್ನಾಗಿ ಏರಿತು, ಅದರಲ್ಲೂ ತೀರಾ ಹಿಂದಿದ್ದವರದು. ಮುಂದೆ ಇದೇ ವಿಚಾರ ಬೆಳೆದು, ಮಗುವನ್ನು ಅದರ ತರಗತಿಯ ಬದಲು ಅದರ ಮಟ್ಟಕ್ಕೆ ತಕ್ಕಂತೆ ಕೂರಿಸಿ ಕಲಿಸುವ ಪದ್ಧತಿಯಾಗಿ ಬೇರೆ ದೇಶಗಳಿಗೂ ಹೋಯಿತು.

ನೀವು ಮಾಡುವುದಾದರೆ ಹೀಗೆ. ಒಂದು ಹಾಳೆಯಲ್ಲಿ ಕೆಲವು ಅಕ್ಷರ, ಕೆಳಗೆ ಕೆಲವು ಸರಳ ಪದ, ಅದರ ಕೆಳಗೆ ನಾಲ್ಕು ಸಾಲಿನ ಪ್ಯಾರಾ, ಹಿಂದೆ ಒಂದು ಪುಟ್ಟ ಕತೆ ಬರೆದುಕೊಳ್ಳಿ. ಪ್ರತಿ ಮಗುವನ್ನೂ ಪಕ್ಕಕ್ಕೆ ಕರೆದು ಓದಿಸಿ. ಎಲ್ಲಿ ನಿಲ್ಲುತ್ತದೋ ಅದೇ ಅದರ ಮಟ್ಟ. ಐದನೇ ತರಗತಿಯ ಮಗು ಪದದಲ್ಲೇ ನಿಂತರೆ ಪದದಿಂದಲೇ ಶುರು. ನಾಚಿಕೆ ಆಗಬಾರದು ಅಂದರೆ ಗುಂಪಿಗೆ ಒಂದನೇ ಗುಂಪು, ಎರಡನೇ ಗುಂಪು ಅಂತ ನಂಬರ್ ಕೊಡಬೇಡಿ. ಮಕ್ಕಳೇ ಹೆಸರಿಡಲಿ. ಒಂದು ಗುಂಪು ತನಗೆ "ಬುಲೆಟ್" ಎಂದು ಹೆಸರಿಟ್ಟುಕೊಂಡಿತ್ತು. ಅಕ್ಷರ ಕೂಡಿಸಲು ಒದ್ದಾಡುತ್ತಿದ್ದವರ ಗುಂಪು ಅದು.

ವಾರಕ್ಕೆ ಎರಡು ದಿನ, ಒಂದೊಂದು ಗಂಟೆ ಸಾಕು. ಆದರೆ ಆ ಎರಡು ದಿನ ತಪ್ಪಬಾರದು. ತಿಂಗಳಿಗೊಮ್ಮೆ ಇಡೀ ದಿನ ಬರುವ ಉತ್ಸಾಹಿಗಿಂತ ವಾರಕ್ಕೆ ಒಂದೇ ಗಂಟೆ ತಪ್ಪದೆ ಬರುವವರು ಮೇಲು. ಬರುತ್ತೇನೆ ಅಂತ ಹೇಳಿ ಬಾರದೆ ಇರುವ ದೊಡ್ಡವರನ್ನು ಈ ಮಕ್ಕಳು ಈಗಾಗಲೇ ಬೇಕಾದಷ್ಟು ನೋಡಿರುತ್ತಾರೆ. ಮೂರು ತಿಂಗಳಿಗೆ ಮಾತ್ರ ಆಗುತ್ತದೆ ಅಂದರೆ ಮೂರು ತಿಂಗಳು ಅಂತಲೇ ಮೊದಲ ದಿನ ಹೇಳಿ. ಮಕ್ಕಳ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಕೂರಬೇಡಿ. ಬಾಗಿಲು ತೆರೆದಿರಲಿ, ಟೀಚರ್ ಕಣ್ಣಳತೆಯಲ್ಲಿ ಇರಲಿ. ಶಾಲೆ ನಿಮ್ಮ ಗುರುತಿನ ದಾಖಲೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ, ಕೇಳದಿದ್ದರೆ ನೀವೇ ಕೊಡಿ.

ಮಕ್ಕಳ ಜೊತೆ ಕೂರಲು ಇಷ್ಟವಿಲ್ಲದವರಿಗೂ ಕೆಲಸ ಇದೆ. ಹರಿದ ಪುಸ್ತಕಕ್ಕೆ ರಟ್ಟು ಹಾಕುವುದು, ಝೆರಾಕ್ಸ್ ಮಾಡಿಸಿ ಪಿನ್ ಹೊಡೆಯುವುದು, ಕತೆ ಪುಸ್ತಕಗಳನ್ನು ಮಟ್ಟದ ಪ್ರಕಾರ ಬಣ್ಣದ ಚೀಟಿ ಅಂಟಿಸಿ ಜೋಡಿಸುವುದು. ಟೀಚರ್ ಮನೆಗೆ ಹೊತ್ತುಕೊಂಡು ಹೋಗುವ ಕೆಲಸಗಳಿವು.

ಹೆಜ್ಜೆ 7: ಕಾಣದ ಖರ್ಚು

"ನಾಳೆ ಎಲ್ಲರೂ ಥರ್ಮೋಕೋಲ್ ತನ್ನಿ." ಒಂದೇ ವಾಕ್ಯ. ಕೆಲವು ಮನೆಗಳಲ್ಲಿ ಆ ವಾಕ್ಯಕ್ಕೆ ಅವತ್ತಿನ ಸಂಜೆಯೇ ಕೆಡುತ್ತದೆ. ತರಲು ಆಗದ ಮಗು ಮರುದಿನ ಹೊಟ್ಟೆನೋವು ಅನ್ನುತ್ತದೆ. ಪ್ರಾಜೆಕ್ಟ್, ಪ್ರವಾಸ, ಶಾಲಾ ದಿನದ ಡ್ರೆಸ್, ಗುಂಪು ಫೋಟೊ, ಪ್ರಿಂಟ್ ತೆಗೆದು ತರಬೇಕಾದ ಹೋಂವರ್ಕ್ ಎಲ್ಲವೂ ಹೀಗೇ. ಯಾವ ಲೆಕ್ಕದ ಪುಸ್ತಕದಲ್ಲೂ ಇವು ಇರುವುದಿಲ್ಲ.

ಇಲ್ಲಿ ನೀವು ಮಾಡಬಹುದಾದ್ದು ಎರಡು. ಪ್ರಾಜೆಕ್ಟ್ ಪೆಟ್ಟಿಗೆ ಅಂತ ಒಂದನ್ನು ಕ್ಲಾಸಿನಲ್ಲೇ ಇಡಿ: ಬಣ್ಣದ ಹಾಳೆ, ಗೋಂದು, ಕತ್ತರಿ, ದಾರ, ಹಳೆಯ ರಟ್ಟು, ಬಾಟಲಿ ಮುಚ್ಚಳ. ಪ್ರಾಜೆಕ್ಟ್ ಶಾಲೆಯಲ್ಲೇ, ಆ ಪೆಟ್ಟಿಗೆಯಲ್ಲಿ ಇದ್ದದ್ದರಿಂದಲೇ ಮಾಡಬೇಕು ಎಂದು ಟೀಚರ್ ಹೇಳಿದರೆ ಎಲ್ಲರಿಗೂ ಒಂದೇ ಅಳತೆ. ಇನ್ನೊಂದು, ಪ್ರವಾಸದಂಥ ಖರ್ಚಿಗೆ ಟೀಚರ್ ಕೈಯಲ್ಲಿ ಒಂದು ಸಣ್ಣ ಮೊತ್ತ. ಯಾರಿಗೆ ಎಂದು ಕೇಳುವ ಹಾಗಿಲ್ಲ, ಎಷ್ಟು ಖರ್ಚಾಯಿತು ಎಂದು ಮಾತ್ರ ಬರೆದಿಡಬೇಕು.

ಹಸಿವೆಯೂ ಕಾಣದ ಖರ್ಚೇ. ಬೆಳಗ್ಗೆ ಏನೂ ತಿನ್ನದೆ ಬರುವ ಮಗು ಎರಡನೇ ಪಿರಿಯಡ್‌ಗೆ ಸಿಡುಕುತ್ತದೆ, ಜಗಳ ತೆಗೆಯುತ್ತದೆ, ಇಲ್ಲವೇ ನಿದ್ದೆ ಹೋಗುತ್ತದೆ. ಒಣ ತಿಂಡಿಯ ಡಬ್ಬವೊಂದು ಟೀಚರ್ ಮೇಜಿನಲ್ಲಿ ಇದ್ದರೆ ಎಷ್ಟೋ "ಶಿಸ್ತಿನ ಸಮಸ್ಯೆ" ಅಲ್ಲೇ ಕರಗುತ್ತದೆ. ಶಾಲೆಯ ಅನುಮತಿ, ಯಾರಿಗೆ ಏನು ಒಗ್ಗುವುದಿಲ್ಲ ಎಂಬ ಪಟ್ಟಿ, ಪೊಟ್ಟಣದ ಮೇಲಿನ ದಿನಾಂಕ ಈ ಮೂರನ್ನು ನೋಡಿಕೊಂಡೇ ಕೊಡಿ.

ಹೆಜ್ಜೆ 8: ಮತ್ತೆ ಹೋಗುವುದು

ಮೂರು ತಿಂಗಳ ಮೇಲೆ ಹೋಗಿ ಮೂರು ವಿಷಯ ಕೇಳಿ. ಏನು ಖಾಲಿಯಾಯಿತು, ಏನು ಹಾಗೇ ಇದೆ, ಏನು ತೊಂದರೆ ಕೊಟ್ಟಿತು. ಹಾಗೇ ಉಳಿದದ್ದನ್ನು ನೋಡಿ ಬೇಸರಪಡಬೇಡಿ, ಅದನ್ನು ಬೇಕಾದ ಇನ್ನೊಂದು ತರಗತಿಗೆ ಕೊಡಿಸಿ. ಒಂದು ಸಾದಾ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ. ಟೀಚರ್‌ಗೆ ವರ್ಗವಾದರೆ ಹೊಸಬರ ಜೊತೆ ಮೊದಲ ಹೆಜ್ಜೆಯಿಂದ ಮತ್ತೆ ಶುರು ಮಾಡಬೇಕು. ಹಳೆಯ ಪಟ್ಟಿ ಹಿಡಿದು ಹೋಗಬೇಡಿ, ಅವರ ಪಾಠದ ರೀತಿ ಬೇರೆ ಇರುತ್ತದೆ.

ನಾವು ಕಿಟಕಿ ಚೌಕಟ್ಟಿಗೆ ಬಿಗಿಸಿದ ಆ ದೊಡ್ಡ ಮೆಂಡರ್ ಇನ್ನೂ ಇದೆ. ಕೆಳಗೆ ಹೊಟ್ಟು ಬೀಳಲು ಒಂದು ಹಳೆಯ ಡಬ್ಬ ಕಟ್ಟಿದ್ದಾರೆ. ಹಿಡಿ ತಿರುಗಿಸುವ ಕೆಲಸಕ್ಕೆ ಮಕ್ಕಳಲ್ಲಿ ಪಾಳಿ ಇದೆ. ಕಳೆದ ವಾರ ಟೀಚರ್ ಕಡೆಯಿಂದ ಮೆಸೇಜ್ ಬಂತು: "ರಬ್ಬರ್ 50. ಚೌಕುಳಿ ಪುಸ್ತಕ 84. ಮೆಂಡರ್ ಬ್ಲೇಡ್ 2. ಬ್ಯಾಗ್ ಬೇಡ."